ಅಮ್ಮಣ್ಣಿ ಓಗೊಟ್ಟ ಮಧ್ಯಾಹ್ನ

ಕಳೆದ ವಾರ ಪಕ್ಕದ ಮನೆಯವರು ಹುಚ್ಚೆಳ್ಳು ಹುರಿದರು. ಚನ್ನರಾಯಪಟ್ಟಣದಲ್ಲಿ ನಾವಿರುವ ಬೀದಿಯ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಒಬ್ಬರು ಮೆಣಸಿನಕಾಯಿ ಹುರಿದರೆ ನಾಲ್ಕು ಮನೆಯವರು ಸೀನಬೇಕು. ಕಾಲೇಜಿಗೆ ಹೊತ್ತಾಗಿತ್ತು, ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದೆ. ಬಾಣಲೆಯಲ್ಲಿ ಕಾಳು ಚಟಪಟ ಸಿಡಿಯುವ ಸದ್ದು, ಹಿಂದೆಯೇ ಎಣ್ಣೆ ಬೆರೆತ ಆ ಘಾಟು. ಇನ್ನೊಂದು ಚಪ್ಪಲಿಯನ್ನು ಮರೆತು ಹೊಸಲಿನ ಮೇಲೆ ಕುಳಿತುಬಿಟ್ಟೆ. ಅಮ್ಮ ಇದ್ದಿದ್ದರೆ ಹೊಸಲಿನ ಮೇಲೆ ಕೂತದ್ದಕ್ಕೆ ಬೈಗುಳ ತಪ್ಪುತ್ತಿರಲಿಲ್ಲ.

ಹುಚ್ಚೆಳ್ಳಿನ ವಾಸನೆ ಎಲ್ಲರಿಗೂ ಅಡುಗೆಮನೆಯನ್ನು ನೆನಪಿಸುತ್ತದೆ. ನನಗೆ ಮಾತ್ರ ಅದು ಏಸಿ ಹಾಕಿದ, ಕಿಟಕಿಗಳಿಲ್ಲದ, ಕಂಪ್ಯೂಟರುಗಳು ಸಾಲಾಗಿದ್ದ ಒಂದು ಕೋಣೆಯ ವಾಸನೆ. ಅಲ್ಲಿ ಏನನ್ನೂ ತಿನ್ನಕೂಡದು ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಹಾಗೆ ಬರೆಸಿದವರೇ ಆ ಬರಹದ ಕೆಳಗೆ ಕುಳಿತು, ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿ ತೆಗೆದು, ಚಪಾತಿಗೆ ಸವರಿಕೊಂಡು ತಿನ್ನುತ್ತಿದ್ದರು. ಮುಗಿಯುವ ಹೊತ್ತಿಗೆ ಹಲ್ಲೆಲ್ಲ ಕಪ್ಪು. ಅದೇ ಬಾಯಲ್ಲಿ ನಮಗೆ ಶಿಸ್ತಿನ ಪಾಠ.

ಅವರನ್ನು ನಾವೆಲ್ಲ ಯಜಮಾನ್ರು ಎನ್ನುತ್ತಿದ್ದೆವು. ಪಾಳಿಯ ಮುಖ್ಯಸ್ಥರು ಎಂಬರ್ಥದ ಇಂಗ್ಲಿಷ್ ಹುದ್ದೆಯ ಹೆಸರೊಂದು ಅವರ ಬಾಗಿಲಿಗಿತ್ತು, ಯಾರೂ ಅದನ್ನು ಓದಿದ್ದು ನನಗೆ ಗೊತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ ಮನೆಯಲ್ಲಿ "ಯಜಮಾನ್ರು ಬಿಡೋದೇ ತಡವಾಯ್ತು" ಎಂದಿದ್ದಕ್ಕೆ ಅಮ್ಮ ಕೈಯಲ್ಲಿದ್ದ ಸೌಟನ್ನು ಇಳಿಸಿ ನನ್ನ ಕೊರಳನ್ನೇ ನೋಡಿದ್ದಳು.

ಹಾಸನದಿಂದ ಅರಕಲಗೂಡಿನ ಕಡೆ ಹೋಗುವ ರಸ್ತೆಯಲ್ಲಿ, ಆಲೂಗಡ್ಡೆ ಹೊಲಗಳ ನಡುವೆ ನಮ್ಮ ಕಚೇರಿ. ಎರಡು ದೊಡ್ಡ ಆಂಟೆನಾ ತಟ್ಟೆಗಳು, ಒಂದೇ ಅಂತಸ್ತಿನ ಕಟ್ಟಡ, ಒಂದು ಕ್ಯಾಂಟೀನು. ಸಣ್ಣ ಖಾಸಗಿ ಸಂಸ್ಥೆ. ಅದಕ್ಕಿದ್ದದ್ದು ಒಂದೇ ಒಂದು ಉಪಗ್ರಹ. ಹಳ್ಳಿ ಆಸ್ಪತ್ರೆಗಳಿಗೆ ದೊಡ್ಡ ಊರಿನ ಡಾಕ್ಟರುಗಳನ್ನು ಪರದೆಯ ಮೇಲೆ ತೋರಿಸುವುದು, ಶಾಲೆಗಳಿಗೆ ಪಾಠ ಕಳಿಸುವುದು ಅದರ ಕೆಲಸ. ಸುತ್ತಲಿನ ಹೊಲದವರಿಗೆ ಮಾತ್ರ ನಮ್ಮದು ಟೀವಿ ಆಫೀಸು. ಒಬ್ಬ ಗೇಟಿನ ಹತ್ತಿರ ಬಂದು, "ಮ್ಯಾಚ್ ಟೇಮ್ನಾಗೆ ನಮ್ಮನೆ ಟೀವಿ ಕೈ ಕೊಡ್ತದೆ, ಆ ತಟ್ಟೆಯ ವಸಿ ಇತ್ಲಾಗೆ ತಿರುಗ್ಸಿ ಸಾ" ಎಂದು ಕೇಳಿದ. "ಆಯ್ತು ಬುಡಪ್ಪಾ, ತಿರುಗುಸ್ತೀನಿ" ಎಂದು ಯಜಮಾನ್ರು ಕಳಿಸಿದರು. ಆ ಪುಣ್ಯಾತ್ಮ ಮಾರನೆಯ ದಿನ ಬಂದು, ಈಗ ಚೆನ್ನಾಗಿ ಬರುತ್ತಿದೆ ಎಂದು ಹೇಳಿ ಒಂದು ಚೀಲ ಆಲೂಗಡ್ಡೆ ಇಳಿಸಿ ಹೋದ. ವಾರವಿಡೀ ಕ್ಯಾಂಟೀನಿನಲ್ಲಿ ಆಲೂಗಡ್ಡೆ ಪಲ್ಯ ತಿಂದೆವು.

ಯಜಮಾನ್ರು ಹಳ್ಳಿಮೈಸೂರಿನ ಕಡೆಯ ಒಕ್ಕಲು ಮನೆತನದವರು. ಇಂಜಿನಿಯರಿಂಗ್ ಓದಿದ್ದರು, ದೇಶ ವಿದೇಶ ಸುತ್ತಿದ್ದರು, ಆದರೆ ಊರಿನ ಮಾತನ್ನು ಬಿಟ್ಟಿರಲಿಲ್ಲ. ಹೊರದೇಶದವರ ಜೊತೆ ಫೋನಿನಲ್ಲಿ ಇಂಗ್ಲಿಷ್ ಮಾತಾಡುವಾಗಲೂ ನಡುನಡುವೆ "ಅಲ್ಲ ಕಣಯ್ಯಾ" ಬಂದುಬಿಡುತ್ತಿತ್ತು. ನಾನು ಹೊಳೆನರಸೀಪುರದ ಅರ್ಚಕರ ಮನೆಯವಳು. "ಐನೋರ್ ಮಗಳು ಬಂದ್ರು, ಎಲ್ರೂ ಮಡೀಲಿರ್ರಪ್ಪಾ" ಎಂದು ಮೊದಲ ದಿನವೇ ರೇಗಿಸಿದರು. ನನಗೆ ಸಿಟ್ಟು ಬಂತು. ಸಿಟ್ಟು ಬೇಗ ಬರುವುದು ನನ್ನ ಹುಟ್ಟುಗುಣ. ಆದರೆ ಅವರ ಮೇಲೆ ಸಿಟ್ಟನ್ನು ಊಟದ ಹೊತ್ತಿನವರೆಗೂ ಉಳಿಸಿಕೊಳ್ಳುವುದು ಕಷ್ಟವಿತ್ತು.

ನಾನು ಸೇರುವ ಹೊತ್ತಿಗೆ ಉಪಗ್ರಹ ಮಾತು ನಿಲ್ಲಿಸಿ ವರ್ಷಗಳಾಗಿದ್ದವು, ಬೇರೆಯವರ ಉಪಗ್ರಹಗಳನ್ನು ಪಾಳಿಯ ಮೇಲೆ ನೋಡಿಕೊಂಡು ಸಂಸ್ಥೆ ದಿನ ದೂಡುತ್ತಿತ್ತು. ಹಾರಿಬಿಟ್ಟ ದಿನದಿಂದ ಅದನ್ನು ನೋಡಿಕೊಂಡವರು ಯಜಮಾನ್ರು. ಅದು ಸುಮ್ಮನಾದದ್ದೂ ಅವರ ಪಾಳಿಯಲ್ಲೇ. ತಪ್ಪು ಆದೇಶವೊಂದೂ ಹೋಗಿರಲಿಲ್ಲ, ಯಾವ ಎಚ್ಚರಿಕೆಯೂ ಬಂದಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ನಡುವಿನಲ್ಲಿ ನಿಂತುಹೋಯಿತಂತೆ. ತಜ್ಞರು ಬಂದು ನೋಡಿ ಸತ್ತಿದೆ ಎಂದು ಬರೆದುಕೊಟ್ಟರು. ಯಜಮಾನ್ರು ಒಪ್ಪಲಿಲ್ಲ. "ಸತ್ತಿಲ್ಲ. ಮಂಕಾಗವ್ಳೆ ಅಷ್ಟೆ" ಎಂದರು. ಅವರಿಗೆ ಉಪಗ್ರಹ ಅದು ಅಲ್ಲ, ಅವಳು. ಕಾಗದದ ಮೇಲೆ ಅದಕ್ಕೊಂದು ಉದ್ದನೆಯ ಹೆಸರಿತ್ತು. ಅವರು ಕರೆಯುತ್ತಿದ್ದದ್ದು ಅಮ್ಮಣ್ಣಿ ಎಂದು.

ಕರೆಯುತ್ತಿದ್ದದ್ದು ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು.

ನಿಯಂತ್ರಣ ಕೋಣೆಯ ಮೂಲೆಯಲ್ಲಿ ಒಂದು ಹಳೆಯ ಮೇಜಿತ್ತು. ಅಮ್ಮಣ್ಣಿಯ ಜೊತೆ ಮಾತಾಡಲು ಮೊದಲಿನಿಂದ ಬಳಸುತ್ತಿದ್ದ ಯಂತ್ರ ಅದರ ಮೇಲೆ. ಅವಳಿಂದ ಸುದ್ದಿ ಬಂದರೆ ಏಳಬೇಕಾದ ಒಂದು ಹಸಿರು ಗೆರೆ ಆ ಯಂತ್ರದ ಪರದೆಯ ಮೇಲೆ ಸದಾ ನೆಟ್ಟಗೆ ಮಲಗಿರುತ್ತಿತ್ತು. ಪಾಳಿ ಬದಲಾಗುವ ಗಂಟೆ ಹೊಡೆದಾಗಲೆಲ್ಲ ಯಜಮಾನ್ರು ಅಲ್ಲಿಗೆ ಹೋಗುವರು. ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸುವರು. "ಅಮ್ಮಣ್ಣೀ…" ಎಂದು ಮೆಲ್ಲಗೆ ಹೇಳಿ ಒಂದು ಗುಂಡಿ ಒತ್ತುವರು. ಎರಡು ತಟ್ಟೆಗಳಲ್ಲಿ ಒಂದರಿಂದ ಕರೆ ಹೊರಡುತ್ತಿತ್ತು, ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಕ್ಕೆ. ಎದ್ದಿದ್ದರೆ ಓಗೊಡು, ಭೂಮಿಯ ಕಡೆ ಮುಖ ಮಾಡು ಎಂಬುದೇ ಆ ಕರೆಯ ಅರ್ಥ. ಗೆರೆ ಮಲಗಿಯೇ ಇರುತ್ತಿತ್ತು. ಅವರು ಸ್ವಲ್ಪ ಹೊತ್ತು ನೋಡಿ ಎದ್ದು ಬರುತ್ತಿದ್ದರು. ಅವರು ಬಾರದ ದಿನ ಪಾಳಿಗೆ ಬಂದವರು ಯಾರಾದರೂ ಅದನ್ನು ಮಾಡುತ್ತಿದ್ದರು, ಯಾರೂ ಹೇಳಬೇಕಾಗಿರಲಿಲ್ಲ.

ಆ ಒಂದು ನಿಮಿಷ ಕೋಣೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಹೊಸಬರು ಬಂದರೆ ಕಿವಿಯಲ್ಲಿ ಹೇಳಿಕೊಡುತ್ತಿದ್ದೆವು. ಸಂಸ್ಥೆಯ ಮಾಲೀಕರು ಒಮ್ಮೆ ಫೋನಿನಲ್ಲಿ ಯಾರನ್ನೋ ಗದರಿಸುತ್ತಾ ಒಳಗೆ ಬಂದವರು, ಯಜಮಾನ್ರು ಮೂಲೆಯಲ್ಲಿ ಕೂತಿದ್ದನ್ನು ನೋಡಿ ಫೋನನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ನನಗಂತೂ ಇದು ವಿಚಿತ್ರವೆನಿಸಲೇ ಇಲ್ಲ. ಓಗೊಡದವರನ್ನು ದಿನಾ ಹೊತ್ತುಹೊತ್ತಿಗೆ ಕರೆಯುವುದು ನಮ್ಮ ಮನೆಯಲ್ಲಿ ತಲೆಮಾರುಗಳ ವೃತ್ತಿ.

ಯಾಕೆ ಸಾರ್ ಬಿಡದೆ ಕರೀತೀರಿ ಎಂದು ಒಮ್ಮೆ ಕ್ಯಾಂಟೀನಿನಲ್ಲಿ ಕೇಳಿದೆ. ಅವರು ಚಿಕ್ಕವರಿದ್ದಾಗ ಮನೆಯ ಹಸುವೊಂದು ಮೇಯಲು ಹೋದದ್ದು ಹಿಂದಿರುಗಲಿಲ್ಲವಂತೆ. ಅವರ ತಾಯಿ ಕೊಟ್ಟಿಗೆ ಮುಂದೆ ನಿಂತು ದಿನಾ ಸಂಜೆ ಅದರ ಹೆಸರು ಹಿಡಿದು ಕೂಗುತ್ತಿದ್ದರಂತೆ, ಊರಿನವರು ನಕ್ಕರೂ ಬಿಡದೆ. "ಬಂತಾ?" ಎಂದೆ. "ಬರ್ನಿಲ್ಲ" ಎಂದು ಚಟ್ನಿಪುಡಿಯ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. "ಕರೆಯೋರ್ ಇಲ್ಲ ಅಂತ ಗೊತ್ತಾದ್ರೆ ಬರೋದಾದ್ರೂ ಎಲ್ಲಿಗವ್ವಾ?" ಎಂದರು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಅಮ್ಮಣ್ಣಿಯನ್ನು ಹಿಡಿಯುವ ಯೋಜನೆಗಾಗಿ. ಒಂದು ಪುಟ್ಟ ನೌಕೆಯನ್ನು ಕಳಿಸುವುದು. ಅದು ಅಮ್ಮಣ್ಣಿಯ ಹಿಂದಿನಿಂದ ಹೋಗಿ, ಅವಳ ಎಂಜಿನ್ನಿನ ಬಾಯೊಳಗೆ ಒಂದು ಕೋಲನ್ನು ತೂರಿಸಿ, ಒಳಗೆ ಅದನ್ನು ಅಗಲಿಸಿ ಬಿಗಿಯಾಗಿ ಹಿಡಿಯುವುದು. ಆಮೇಲೆ ಅವಳನ್ನು ಹೊತ್ತುಕೊಂಡೇ ಭೂಮಿಯ ಕಡೆ ತಿರುಗಿಸುವುದು. ಮುಖ ತಿರುಗಿ, ಬಿಸಿಲು ಸರಿಯಾಗಿ ಬಿದ್ದರೆ ಅವಳು ಎಚ್ಚರಗೊಳ್ಳುತ್ತಾಳೆ ಎಂಬುದು ಯಜಮಾನ್ರ ನಂಬಿಕೆ. ಮಾಲೀಕರನ್ನು ಒಪ್ಪಿಸಿದವರು ಅವರೇ. ನಿವೃತ್ತಿಯ ವಯಸ್ಸು ದಾಟಿದ್ದರೂ ಈ ಒಂದು ಕೆಲಸಕ್ಕಾಗಿ ಉಳಿದಿದ್ದರು. ಇದು ಕೈಕೊಟ್ಟರೆ ಸಂಸ್ಥೆಗೆ ಬೀಗ ಬೀಳುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಅವರಿಗೆ ಬೀಗದ ಚಿಂತೆ ಇದ್ದಂತೆ ಕಾಣಲಿಲ್ಲ. "ಒಂದೇ ಒಂದ್ಸಲ ಓ ಅಂದ್ಬುಡ್ಲಿ ಕಣವ್ವಾ. ಆಮ್ಯಾಕೆ ನಾನು ಊರಿಗೋಗಿ ತೆಂಗಿನ ಗಿಡಕ್ಕೆ ನೀರು ಬುಟ್ಕೊಂಡಿರ್ತೀನಿ" ಎನ್ನುತ್ತಿದ್ದರು.

ಅಮ್ಮಣ್ಣಿಯನ್ನು ಹಿಡಿಯುವ ದಿನಕ್ಕೆ ಮುಂಚೆ ಹೊರಗಿನ ತಜ್ಞರು ಬಂದು ಪರಿಶೀಲನೆ ನಡೆಸಿದರು. ಒಂದೊಂದು ತಿರುಪನ್ನೂ ಬಿಡದೆ ಕೇಳಿದರು. ಅಮ್ಮಣ್ಣಿ ಸತ್ತಂತೆಯೇ ಇರಬೇಕು, ನಾವು ಮುಟ್ಟುವ ಹೊತ್ತಿನಲ್ಲಿ ಅವಳು ಅಲುಗಾಡಿದರೆ ಎರಡೂ ನೌಕೆಗಳು ಹಾಳಾಗುತ್ತವೆ ಎಂದು ಒತ್ತಿ ಹೇಳಿದರು. ಅವರಲ್ಲೊಬ್ಬರು ಕೊನೆಗೆ ಕೇಳಿದರು, ಆ ಹಳೆಯ ಉಪಗ್ರಹಕ್ಕೆ ಇಲ್ಲಿಂದ ಯಾವುದಾದರೂ ಆದೇಶ ಹೋಗುತ್ತಿದೆಯೇ ಎಂದು. ಇಲ್ಲ ಎಂದೆವು. ಮೇಜಿನ ಸುತ್ತ ಕೂತವರೆಲ್ಲ ಇಲ್ಲ ಎಂದೆವು, ಯಜಮಾನ್ರೂ ಇಲ್ಲ ಎಂದರು. ಯಾರೂ ಸುಳ್ಳು ಹೇಳಲಿಲ್ಲ. ಗರ್ಭಗುಡಿಯಲ್ಲಿ ನೀವು ಯಾರ ಜೊತೆಗಾದರೂ ಮಾತಾಡುತ್ತೀರಾ ಎಂದು ನಮ್ಮ ಅಪ್ಪನನ್ನು ಕೇಳಿದ್ದರೆ ಅವರೂ ಇಲ್ಲವೆನ್ನುತ್ತಿದ್ದರು. ಆದೇಶವೆಂದರೆ ಕೆಲಸ. ಮೂಲೆಯ ಮೇಜಿನದು ನಮ್ಮ ಲೆಕ್ಕದಲ್ಲಿ ಕೆಲಸವೇ ಆಗಿರಲಿಲ್ಲ.

ಹಿಡಿಯುವ ದಿನ ಬೆಳಗ್ಗೆಯೇ ಎಲ್ಲರೂ ಸೇರಿದೆವು. ಊಟದ ಹೊತ್ತಿಗೆ ಮೊದಲೇ ಮುಗಿಯಬೇಕಿದ್ದ ಕೆಲಸ. ಎರಡು ನೌಕೆಗಳ ನಡುವಿನ ಅಂತರವನ್ನು ಗಟ್ಟಿಯಾಗಿ ಓದುತ್ತಾ ಹೋಗುವುದು ನನ್ನ ಪಾಲಿಗೆ ಬಂದಿತ್ತು. ಮುಂದಕ್ಕೆ, ನಿಲ್ಲಿ, ಹಿಂದಕ್ಕೆ ಎಂಬ ಮಾತುಗಳನ್ನು ಮೈಕಿನಲ್ಲಿ ಹೇಳುವ ಅಧಿಕಾರ ಯಜಮಾನ್ರಿಗೆ ಮಾತ್ರ.

ನಮ್ಮ ನೌಕೆಯ ಕ್ಯಾಮೆರಾದಲ್ಲಿ ಅಮ್ಮಣ್ಣಿ ಕಾಣಿಸಿಕೊಂಡಾಗ ಎಲ್ಲರೂ ಪರದೆಯ ಕಡೆ ಬಾಗಿದೆವು. ಅಷ್ಟು ವರ್ಷ ಅವಳು ನಮಗೆ ಬರೀ ಒಂದು ಮಲಗಿದ ಗೆರೆ. ಈಗ ಮೈಮೇಲಿನ ಬಂಗಾರದ ಹಾಳೆ ಒಂದು ಬದಿಯಲ್ಲಿ ಹರಿದು, ಎರಡು ಕಪ್ಪು ರೆಕ್ಕೆ ಚಾಚಿಕೊಂಡು, ಮೆಲ್ಲಗೆ ಸುತ್ತುತ್ತಾ ಎದುರಿಗಿದ್ದಳು. ಯಜಮಾನ್ರು ಕುರ್ಚಿಯಿಂದೆದ್ದು ಪರದೆಯ ಹತ್ತಿರ ಹೋದರು. "ಸೊರಗೋಗವ್ಳೆ" ಎಂದರು.

ನಮ್ಮ ನೌಕೆಯೂ ಅವಳ ಸುತ್ತಿಗೆ ಸರಿಯಾಗಿ ಸುತ್ತತೊಡಗಿತು. ಆಗ ಅವಳು ನಿಂತಂತೆಯೂ ಹಿಂದಿನ ಭೂಮಿ ಬಂದು ಬಂದು ಹೋಗುವಂತೆಯೂ ಕಾಣುತ್ತಿತ್ತು. ನಾನು ಅಂಕಿ ಓದುತ್ತಿದ್ದೆ. ಇನ್ನೇನು ಹತ್ತಿರ ಎನ್ನುವಾಗ ಬಿಸಿಲು ಅವಳ ಬಂಗಾರದ ಮೈಗೆ ಬಡಿದು ಕ್ಯಾಮೆರಾದ ಕಣ್ಣು ಕುಕ್ಕಿತು, ಪರದೆಯೆಲ್ಲ ಬೆಳ್ಳಗಾಯಿತು. "ನಿಲ್ಲಿ" ಎಂದರು ಯಜಮಾನ್ರು. ಸೂರ್ಯ ಸರಿಯುವವರೆಗೆ ಕಾಯಬೇಕು, ಬೇರೆ ದಾರಿಯಿಲ್ಲ. ಕಾದೆವು. ಕ್ಯಾಂಟೀನಿನವನು ಊಟ ತಂದು ಬಾಗಿಲ ಹೊರಗಿಟ್ಟು ಹೋದ, ಯಾರೂ ಎದ್ದು ಹೋಗಲಿಲ್ಲ. ಪಕ್ಕದ ಸಹೋದ್ಯೋಗಿ ಉಗುರು ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡಿದ್ದ.

ಬೆಳಕು ಸರಿಹೋದ ಮೇಲೆ ಮತ್ತೆ ಮುಂದಕ್ಕೆ ಹೋದೆವು. ಕೋಲಿನ ತುದಿ ಎಂಜಿನ್ನಿನ ಬಾಯಿಯ ಅಂಚಿಗೆ ತಗುಲಿತು, ಒಳಗೆ ಹೋಗದೆ ಜಾರಿತು. ಗಾಬರಿಪಡುವಂಥದ್ದೇನೂ ಅಲ್ಲ, ಅಭ್ಯಾಸದಲ್ಲಿ ಎಷ್ಟೋ ಸಲ ಹಾಗಾಗಿತ್ತು. "ಒಂದ್ ಮಾರು ಹಿಂದಕ್ ಬನ್ನಿ, ತೂಗಾಟ ನಿಲ್ಲಲಿ, ಇನ್ನೊಂದ್ಸಲ ನೋಡಾನ" ಎಂದರು ಯಜಮಾನ್ರು. ಹಿಂದಕ್ಕೆ ಬಂದು ನಿಂತೆವು. ಎರಡೂ ನೌಕೆಗಳು ಕೈಗೆಟಕುವಷ್ಟು ಹತ್ತಿರದಲ್ಲಿ ತೂಗುತ್ತಿದ್ದವು.

ಆಗ ಪಾಳಿ ಬದಲಾಗುವ ಗಂಟೆ ಹೊಡೆಯಿತು.

ಯಜಮಾನ್ರು ಮೈಕನ್ನು ಮೇಜಿನ ಮೇಲಿಟ್ಟು ಎದ್ದರು. ಮೂಲೆಗೆ ನಡೆದರು. ನಾವೆಲ್ಲ ಸುಮ್ಮನಾದೆವು. ಇದನ್ನು ಎಷ್ಟು ಸಲ ನೆನೆದಿದ್ದೇನೋ… ಅಷ್ಟು ಜನ ಓದಿದವರು, ತಿಂಗಳುಗಟ್ಟಲೆ ಒಂದೊಂದು ಗುಂಡಿಯ ಮೇಲೂ ಚರ್ಚೆ ಮಾಡಿದವರು, ಕಣ್ಣಾರೆ ನೋಡುತ್ತಾ ಕೂತಿದ್ದೆವು. ದೇವರ ಮುಂದೆ ಒಬ್ಬರು ಕೈಮುಗಿದು ನಿಂತಾಗ ಅಡ್ಡ ಹೋಗದೆ ನಿಲ್ಲುತ್ತೇವಲ್ಲ, ಹಾಗೆ. ಒಬ್ಬರಿಗಾದರೂ ಬೇಡಿ ಎನ್ನಬೇಕೆಂದು ತೋಚಲಿಲ್ಲ. ಅವರಿಗೂ ತೋಚಲಿಲ್ಲ. ಕನ್ನಡಕ ಒರೆಸಿದರು. "ಅಮ್ಮಣ್ಣೀ…" ಎಂದರು. ಗುಂಡಿ ಒತ್ತಿದರು.

ಗೆರೆ ಎದ್ದಿತು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಹಸಿರು ಗೆರೆ ನಡುವಿನಲ್ಲಿ ನೆಟ್ಟಗೆ ಎದ್ದು ನಿಂತಿತ್ತು, ಕೆಳಗೆ ಅಂಕಿಗಳು ಸುರಿಯತೊಡಗಿದ್ದವು. ಯಜಮಾನ್ರು ಬಾಯಿ ತೆರೆದುಕೊಂಡು ಕೂತಿದ್ದರು. ಆಮೇಲೆ ಎಳೆಮಗುವಿನ ಹಾಗೆ ಕೂಗಿದರು. "ಓ ಅಂದ್ಲು! ಓ ಅಂದ್ಬುಟ್ಲು ಕಣ್ರಪ್ಪಾ!" ನಮ್ಮಲ್ಲಿ ಚಪ್ಪಾಳೆ ಬಿತ್ತು. ಯಾರೋ ಯಾರನ್ನೋ ಅಪ್ಪಿಕೊಂಡರು. ನನ್ನ ಕಣ್ಣಲ್ಲೂ ನೀರು. ಅಷ್ಟು ಸಂತೋಷವನ್ನು ಒಂದು ಕೋಣೆಯಲ್ಲಿ ನಾನು ಮತ್ತೆಂದೂ ನೋಡಿಲ್ಲ. ಅದು ಎಷ್ಟು ಹೊತ್ತು ಇತ್ತೆಂದು ಕೇಳಿದರೆ ಹೇಳಲಾರೆ. ಬಹಳ ಹೊತ್ತೇನೂ ಅಲ್ಲ.

ಕಣ್ಣೊರೆಸಿಕೊಂಡು ನನ್ನ ಪರದೆಯ ಕಡೆ ತಿರುಗಿದಾಗ ಅಂತರದ ಅಂಕಿ ಕಡಿಮೆಯಾಗುತ್ತಿತ್ತು. ನಮ್ಮ ನೌಕೆ ನಿಂತಲ್ಲೇ ಇತ್ತು. ಚಲಿಸುತ್ತಿದ್ದವಳು ಅವಳು. ಕರೆ ಏನು ಹೇಳಿತ್ತೋ ಅದನ್ನೇ ಮಾಡುತ್ತಿದ್ದಳು, ಎದ್ದು ಭೂಮಿಯ ಕಡೆ ಮುಖ ತಿರುಗಿಸುತ್ತಿದ್ದಳು. ಬೆನ್ನ ಹಿಂದೆ ಯಾರೋ ನಿಂತಿದ್ದಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

"ಯಜಮಾನ್ರೇ, ಅದು ತಿರುಗ್ತಾ ಇದೆ!" ಎಂದು ಕಿರುಚಿದೆ.

ಅವರು ಓಡಿ ಬಂದರು. ಮೈಕು ಹಿಡಿದು "ಹಿಂದಕ್ಕೆ, ಹಿಂದಕ್ಕೆ" ಎಂದರು. ನೌಕೆ ಹಿಂದಕ್ಕೆ ಸರಿಯತೊಡಗುವಷ್ಟರಲ್ಲಿ ಅಮ್ಮಣ್ಣಿಯ ರೆಕ್ಕೆ ಬೀಸಿ ಬಂದಿತ್ತು. "ಸುಮ್ಕಿರವ್ವಾ… ಸುಮ್ಕಿರು… ಅಲ್ಲಾಡ್ಬೇಡ" ಎಂದು ಅವರು ಹೇಳುತ್ತಿದ್ದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಪರದೆಯ ತುಂಬ ಬಂಗಾರದ ಬಣ್ಣ, ಆಮೇಲೆ ಕಪ್ಪು. ನಮ್ಮ ನೌಕೆಯ ಕ್ಯಾಮೆರಾ ಮತ್ತೆ ತೆರೆಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೂ ಸಹಿಸಿಕೊಳ್ಳಬಹುದಿತ್ತು. ಮುಗಿಯಲಿಲ್ಲ. ನಮ್ಮ ನೌಕೆ ಸುಮ್ಮನಾದ ಮೇಲೂ ಅಮ್ಮಣ್ಣಿ ಮಾತಾಡುತ್ತಲೇ ಇದ್ದಳು. ಮುರಿದ ರೆಕ್ಕೆಯಲ್ಲಿ ನಮ್ಮ ನೌಕೆಯನ್ನು ಸಿಕ್ಕಿಸಿಕೊಂಡು, ದಿಕ್ಕೆಟ್ಟು ಸುತ್ತುತ್ತಾ, ಕರೆದವರಿಗೆ ತನ್ನ ಸಮಾಚಾರ ಕಳಿಸುತ್ತಿದ್ದಳು. ಯಜಮಾನ್ರು ಮತ್ತೆ ಮೂಲೆಯ ಮೇಜಿಗೆ ಹೋಗಿ ಕೂತು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದರು. "ಬ್ಯಾಟ್ರಿ ಚೆನ್ನಾಗದೆ… ಇಂಧನ ಐತೆ… ಮೈ ಬಿಸಿ ಸರ್ಯಾಗದೆ…" ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ, ಆದರೂ ಓದಿದರು. ಅವರು ಅಷ್ಟು ವರ್ಷ ಹೇಳಿದ್ದೇ ನಿಜವಾಗಿತ್ತು. ಅವಳು ಸತ್ತಿರಲಿಲ್ಲ. ಅಂಕಿಗಳು ಒಂದೊಂದಾಗಿ ಕೆಳಗಿಳಿದವು, ಕೆಲವು ಬರುವುದು ನಿಂತವು. ಸಂಜೆಯ ಹೊತ್ತಿಗೆ ಗೆರೆ ಮಲಗಿತು.

ಆಮೇಲೆ ತನಿಖೆಯಾಯಿತು. ಕೋಲಿನ ತುದಿ ತಗುಲಿದಾಗ ಸಣ್ಣ ಕಿಡಿ ಹಾರಿ, ಅವಳ ಗರಬಡಿದ ಕಂಪ್ಯೂಟರಿಗೆ ಎಚ್ಚರವಾಗಿರಬೇಕೆಂದು ತಜ್ಞರು ಊಹಿಸಿದರು. ಎಚ್ಚರವಾದವಳು ಕಿವಿ ತೆರೆದು ಸುಮ್ಮನೆ ಕಾದಿದ್ದಳು. ಕರೆಯೊಂದು ಹೋಗದಿದ್ದರೆ ಹಾಗೇ ಇರುತ್ತಿದ್ದಳು, ಇನ್ನೊಂದು ಯತ್ನದಲ್ಲಿ ನಾವು ಹಿಡಿಯುತ್ತಿದ್ದೆವು, ಆಮೇಲೆ ನಿಧಾನವಾಗಿ ಮಾತಾಡಿಸಬಹುದಿತ್ತು. ತನಿಖೆಯ ಕೋಣೆಯಲ್ಲಿ ನಾನೂ ಇದ್ದೆ. ಅಂಥ ಹೊತ್ತಿನಲ್ಲಿ ಯಾಕೆ ಕರೆದಿರಿ ಎಂದು ಅವರನ್ನು ಕೇಳಿದರು. ಯಜಮಾನ್ರು ಪ್ರಶ್ನೆ ಅರ್ಥವಾಗದವರಂತೆ ಕೇಳಿದವರ ಮುಖ ನೋಡಿದರು.

"ದಿನಾ ಕರೀತಿದ್ದೆ ಸಾ" ಎಂದರು.

ಸಂಸ್ಥೆ ಮುಚ್ಚಿತು. ತಟ್ಟೆಗಳನ್ನು ಬಿಚ್ಚಿ ಲಾರಿಯಲ್ಲಿ ಹೇರಿಕೊಂಡು ಹೋದರು. ನಾವೆಲ್ಲ ದಿಕ್ಕಿಗೊಬ್ಬರಾದೆವು. ನನಗೆ ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಯಜಮಾನ್ರು ಊರಿಗೆ ಹೋದರು, ತೆಂಗಿನ ಗಿಡಕ್ಕೆ ನೀರು ಬಿಡಲು.

ಕೆಲವು ತಿಂಗಳಾದ ಮೇಲೆ ನೋಡಲು ಹೋಗಿದ್ದೆ. ಹಳ್ಳಿಮೈಸೂರಿನಲ್ಲಿ ಬಸ್ಸಿಳಿದು ಆಟೋದಲ್ಲಿ ಹೋಗಬೇಕು. ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು, ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಐನೋರ್ ಮಗಳು ಎನ್ನುತ್ತಾರೆಂದು ಕಾದೆ. ಎನ್ನಲಿಲ್ಲ. ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಟ್ಟು, ದನಿ ತಗ್ಗಿಸಿ ಹೇಳಿದರು. "ಯಾರ್ನೂ ಕರೆಯಾದೇ ಬುಟ್‌ಬುಟ್ಟವ್ರೆ ಕಣವ್ವಾ. ನೀರ್ ಬೇಕಾದ್ರೆ ಬಂದು ಬಾಗ್ಲಾಗ್ ನಿಂತ್ಕತಾರೆ, ನಾನಾಗೇ ನೋಡಿ ಕೊಡ್ಬೇಕು. ನಾಯಿಗೆ ಅನ್ನ ಆಕಿ ಸುಮ್ಕೆ ನಿಂತಿರ್ತಾರೆ, ಅದಾಗೇ ಬರೋಗಂಟ. ಮೊಮ್ಮಗೀನ ಎಸ್ರೂ ಬಾಯಾಗೆ ಬರಕ್ಕಿಲ್ಲ. ಅದೇನಾಯ್ತವ್ವಾ ಅಲ್ಲಿ?" ಏನಾಯಿತೆಂದು ನಾನು 'ಅಲ್ಲಿ'ಯ ಮಾತಿನಲ್ಲಿ ಹೇಳಬಲ್ಲೆ. ಮಜ್ಜಿಗೆಯ ಲೋಟ ತೊಳೆದಿಟ್ಟು ಹೊರಗೆ ಬಂದೆ.

ಹೊರಡುವಾಗ ಅವರೇ ಆಟೋದವರೆಗೆ ಬಂದರು. ಹೋಗಿಬರ್ತೀನಿ ಯಜಮಾನ್ರೇ ಎಂದೆ. ಆಗ ನನ್ನ ಮುಖ ನೋಡದೆ ಒಂದು ಮಾತು ಹೇಳಿದರು. "ಚೆಂದಾಗಿದ್ಲು ಕಣವ್ವಾ. ಏನೂ ಆಗಿರ್ನಿಲ್ಲ ಅವ್ಳಿಗೆ." ಆಟೋದಲ್ಲಿ ಕೂತು ಬಸ್ ನಿಲ್ದಾಣದವರೆಗೂ ಅತ್ತೆ. ಆಟೋದವನು ಪಾಪ, ಯಾರೋ ಹೋಗಿಬಿಟ್ಟಿದ್ದಾರೆಂದು ತಿಳಿದು ರೇಡಿಯೋ ಆರಿಸಿದ.

ಹೋದ ವರ್ಷ ಅವರು ತೀರಿಕೊಂಡರು. ಮನೆಯ ಹಿಂದಿನ ತೋಟದಲ್ಲಿ ಎದೆನೋವು ಬಂದಿರಬೇಕು. ತೆಂಗಿನ ಮರಕ್ಕೆ ಒರಗಿ ಕೂತಿದ್ದರಂತೆ. ಚಪ್ಪಲಿ ಬಿಟ್ಟು ಪಕ್ಕದಲ್ಲಿ ಜೋಡಿಸಿ ಇಟ್ಟಿದ್ದರಂತೆ, ಹೆಗಲ ಟವೆಲನ್ನು ಮಡಚಿ ತೊಡೆಯ ಮೇಲೆ ಹಾಕಿಕೊಂಡಿದ್ದರಂತೆ. ಅಂದರೆ ಹೊತ್ತು ಇತ್ತು. ಕಾರ್ಯದ ದಿನ ಹೋದಾಗ ಅವರ ಹೆಂಡತಿ ನನ್ನ ಕೈಯನ್ನು ಬಿಡಲೇ ಇಲ್ಲ.

"ಇತ್ತಲಾಗೇ ಇದ್ನಲ್ಲವ್ವಾ ನಾನು, ರಾಗಿ ಅಸಿಟ್ಟು ಜರಡಿ ಇಡೀತಾ. ಇಲ್ಲಿಂದಲ್ಲಿಗೆ ಎಷ್ಟ್ ದೂರ? ಒಂದ್ಸಲ, ಒಂದೇ ಒಂದ್ಸಲ ಕೂಗುದ್ರೆ ಓಡ್‌ಬತ್ತಿರ್ನಿಲ್ವಾ? ಯಾಕ್ ಕರೀನಿಲ್ಲ ಅವ್ರು ನನ್ನ?"

ನನಗೆ ಉತ್ತರ ಗೊತ್ತಿತ್ತು. ಅವರ ಕೈಯನ್ನು ನಾನೂ ಬಿಡಲಿಲ್ಲ.

ಅಮ್ಮಣ್ಣಿ ಇನ್ನೂ ಮೇಲೆಯೇ ಇದ್ದಾಳೆ, ನಮ್ಮ ನೌಕೆಯನ್ನು ರೆಕ್ಕೆಗೆ ಸಿಕ್ಕಿಸಿಕೊಂಡು, ನಮ್ಮ ತಲೆಯ ನೇರಕ್ಕೆ ಅತ್ತಿಂದಿತ್ತ ತೂಗಾಡಿಕೊಂಡು. ಅವಳ ಬ್ಯಾಟರಿ ಚೆನ್ನಾಗಿತ್ತು. ಬಿಸಿಲು ಸರಿಯಾದ ಕೋನದಲ್ಲಿ ಬಿದ್ದ ದಿನ ಮತ್ತೆ ಎಚ್ಚರವಾಗಿ ಕಿವಿ ತೆರೆದು ಕಾಯುತ್ತಿರಲೂಬಹುದು. ತರಗತಿಯಲ್ಲಿ ಉಪಗ್ರಹದ ಪಾಠ ಮಾಡುವಾಗ ಇದು ನೆನಪಾಗಿ ಮಾತು ತಪ್ಪುತ್ತದೆ. ಮೇಡಂಗೆ ವಯಸ್ಸಾಯಿತು ಎಂದು ಹಿಂದಿನ ಬೆಂಚಿನವರು ನಗುತ್ತಾರೆ. ಯಜಮಾನ್ರು ಇದ್ದಿದ್ದರೆ… ಎಂದು ಶುರುಮಾಡುತ್ತೇನೆ, ಮುಂದಕ್ಕೆ ಹೋಗುವುದಿಲ್ಲ. ಇದ್ದಿದ್ದರೂ ಅವರು ಕರೆಯುತ್ತಿರಲಿಲ್ಲ.